ಔಷಧಿ ಹಾಕಿದ್ರಾ?

ಬದನೆಯ ಎಲೆಯೊಂದನ್ನು ತಿರುಗಿಸಿದ್ದೇ ತಡ, ಅಡಿಯಲ್ಲಿ ಕೂತಿದ್ದ ಬಿಳಿ ನೊಣಗಳೆಲ್ಲ ಭುರ್ರನೆ ಎದ್ದು, ಅವನ ಕಿವಿಯ ಬಳಿ ಒಂದು ಸುತ್ತು ಹಾಕಿ, ಪಕ್ಕದ ಬೆಂಡೆ ಗಿಡದ ಮೇಲೆ ಹೋಗಿ ಕೂತವು. ಅವನು ಬೆಂಡೆಯ ಎಲೆ ಮುಟ್ಟಿದ. ಅವು ಬದನೆಗೆ ವಾಪಸಾದವು. ಈ ಮನುಷ್ಯನಿಗೆ ಹೋಗಲು ಬೇರೆ ಜಾಗವಿಲ್ಲವೆಂದು ಇವಕ್ಕೂ ಗೊತ್ತಾಗಿರಬೇಕು. ಬಿಸಿಲು ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನ ಆಚೆಗೇ ಇತ್ತು, ಆದರೆ ತಾರಸಿಯ ಸಿಮೆಂಟು ನಿನ್ನೆಯ ಕಾವನ್ನೇ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಬರಿಗಾಲಿಗೆ ಜ್ವರ ಬಂದವರ ಹಣೆಯಂತೆ ತಾಗುತ್ತಿತ್ತು. ಟೊಮೆಟೊ ಕುಂಡಗಳ ಸುತ್ತ ಹಳದಿ ಹೂಗಳು ಕಾಯಿ ಕಟ್ಟದೆ ತೊಟ್ಟಿನ ಸಮೇತ ಕಳಚಿ ಬಿದ್ದಿದ್ದವು. ಸೆಖೆ ಮಿತಿಮೀರಿದರೆ ಟೊಮೆಟೊ ಹೂ ನಿಲ್ಲುವುದಿಲ್ಲವೆಂದು ಅವನು ಎಲ್ಲೋ ಓದಿದ್ದ. ಓದಿ ಏನು ಬಂತು, ಹೂವಿಗೆ ಓದಿ ಹೇಳುವುದಕ್ಕಾಗುತ್ತದೆಯೇ? ಮೆಣಸಿನ ಗಿಡದ ಚಿಗುರು ಮುದುರಿಕೊಂಡಿತ್ತು. ಹೀರೆ ಬಳ್ಳಿಯೊಂದು ಮಾತ್ರ ಕಟ್ಟಿದ ದಾರ ಹಿಡಿದು ತುದಿಯವರೆಗೂ ಏರಿ, ಏರಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ಜೋತಾಡುತ್ತಿತ್ತು. ಒದ್ದೆ ಹತ್ತಿಯಿಂದ ಮೆಣಸಿನ ಕಾಂಡಕ್ಕೆ ಅಂಟಿದ್ದ ಹಿಟ್ಟಿನಂಥ ಹುಳಗಳನ್ನು ಒರೆಸುತ್ತಿದ್ದಾಗ ಮೆಟ್ಟಿಲ ಬುಡದಿಂದ ಹೆಂಡತಿಯ ದನಿ ಬಂತು. ಚಪ್ಪಲಿ ಮೆಟ್ಟುವಾಗಿನ ದನಿ. ಅರ್ಧ ಆಗಲೇ ಬೀದಿಯಲ್ಲಿರುತ್ತದೆ.

“ರೀ, ನಾನು ಹೊರಟೆ. ಔಷಧಿ ಮರೀಬೇಡಿ.”

“ಹ್ಞೂಂ.”

“ಹ್ಞೂಂ ಅಂದ್ರೆ ಸಾಲದು. ಇವತ್ತಿಂದ ಹಗಲೊತ್ತು ನಾನಿರಲ್ಲ. ನೆನಪಿಟ್ಕೊಂಡು ಹಾಕಿ.”

“ಹಾಕ್ತೀನಮ್ಮ. ಅದಕ್ಕೇ ತಾನೆ ಎದ್ದಾಗಿಂದ ಇಲ್ಲೇ ನಿಂತಿರೋದು.”

ಗೇಟಿನ ಚಿಲಕ ಬಿದ್ದ ಸದ್ದು ಕೇಳಿತು. ಅವನು ಬೇವಿನೆಣ್ಣೆಯ ಬಾಟಲಿ ಹುಡುಕಿದ. ಅದನ್ನು ನಿನ್ನೆ ಸಂಜೆ ಅವಳೇ ತಂದುಕೊಟ್ಟಿದ್ದಳು, “ಈ ಹುಳಾನೆಲ್ಲ ಮನೆಯೊಳಗೆ ತರೋಕೆ ಮುಂಚೆ ಏನಾದ್ರೂ ಹಾಕಿ ತೊಲಗಿಸಿ” ಎಂದು. ಆಮೇಲೆಯೂ ಏನೋ ಹೇಳುತ್ತಿದ್ದಳು, ಅಪ್ಪನ ವಿಷಯ, ಫ್ರಿಜ್ಜಿನ ಬಾಗಿಲಿನ ವಿಷಯ. ಅವನು ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುತ್ತ ಎಲ್ಲದಕ್ಕೂ ಹ್ಞೂಂ ಎಂದಿದ್ದ. ಕೆಲಸ ಹೋದಮೇಲೆ ಅವನಿಗೆ ಹತ್ತಿದ ಚಟ ಅದು. ಯಾರು ಏನು ಹೇಳಿದರೂ ಹ್ಞೂಂ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ, ಮುಖ ನೋಡುವ ಕಷ್ಟ ತಪ್ಪುತ್ತದೆ.

ಕೆಲಸವೆಂದರೆ ಅಕ್ಷರದ್ದೇ. ಔಷಧಿ ಡಬ್ಬಿಯೊಳಗೆ ನಾಲ್ಕು ಮಡಿಕೆ ಮಾಡಿ ಇಡುತ್ತಾರಲ್ಲ, ಯಾರೂ ಬಿಡಿಸಿ ನೋಡದ ಚೀಟಿ, ಅದನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವನು ಪ್ರೂಫ್ ನೋಡುತ್ತಿದ್ದ. ದಿನಕ್ಕೆ ಮೂರು ಬಾರಿ ಒಂದು ಹನಿ ಎನ್ನುವುದು ದಿನಕ್ಕೆ ಒಂದು ಬಾರಿ ಮೂರು ಹನಿ ಆಗಿಬಿಟ್ಟರೆ ಯಾರದೋ ಪ್ರಾಣಕ್ಕೆ ಬರುತ್ತದೆಂದು ಹೊಸಬರಿಗೆ ಹೇಳುತ್ತ, ಕನ್ನಡಕ ಏರಿಸುತ್ತ ಇಳಿಸುತ್ತ ಕೂದಲು ನೆರೆಸಿಕೊಂಡವನು. ಪ್ರೆಸ್ಸಿನವರು ಯಂತ್ರವೊಂದನ್ನು ತಂದರು. ಅದು ಕಾಫಿ ಕೇಳುವುದಿಲ್ಲ, ಕಣ್ಣು ನೋವು ಎನ್ನುವುದಿಲ್ಲ. ಮನೆಗೆ ಬಂದು ಕೂತ ಮೊದಲ ವಾರ ಎಲ್ಲರೂ ಪಾಪ ಎಂದರು, ಆಮೇಲೆ ಆರಾಮ ಎಂದರು, ಆಮೇಲೆ ಏನೂ ಅನ್ನಲಿಲ್ಲ. ಆ ಏನೂ ಅನ್ನದ ದಿನಗಳಲ್ಲೇ ಅವನು ತಾರಸಿಗೆ ಮಣ್ಣು ಹೊತ್ತದ್ದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಒಂದು ಬೊಗಸೆ ಬೆಂಡೆಕಾಯಿಯಾದರೂ ಅಡುಗೆಮನೆಗೆ ತಾನು ತಂದದ್ದು ಅನ್ನಿಸಿಕೊಳ್ಳಲಿ ಎಂದು. ಬಾಮೈದ ಫೋನು ಮಾಡಿದಾಗಲೆಲ್ಲ “ಏನ್ ಭಾವ, ವ್ಯವಸಾಯ ಹೇಗಿದೆ? ಹಿತ್ತಲ ಗಿಡ ಮದ್ದಲ್ಲ ಅಂತಿದ್ರು, ನಿಮ್ಮನೇಲಿ ಹಿತ್ತಲ ಗಿಡಕ್ಕೇ ಮದ್ದಂತೆ!” ಎಂದು ತನ್ನ ಮಾತಿಗೆ ತಾನೇ ನಗುತ್ತಾನೆ. ಹೆಂಡತಿ ನಗುವುದಿಲ್ಲ. ಅವಳು ನೀರು ಸರಬರಾಜು ಕಚೇರಿಯ ದೂರಿನ ಕಿಟಕಿಯಲ್ಲಿ ಕೂರುವವಳು. ಬೇಸಿಗೆ ಪೂರ್ತಿ ಅವಳ ಕಿವಿಗೆ ಬೀಳುವುದು ಎರಡೇ ಪದ, ನೀರು ಬಂದಿಲ್ಲ. ಸಂಜೆ ಮನೆಗೆ ಬಂದರೆ ಗಂಡ ತರಕಾರಿ ತೊಳೆದ ನೀರನ್ನೂ ಸ್ನಾನದ ಬಕೆಟಿನಲ್ಲಿ ಉಳಿದದ್ದನ್ನೂ ಮೆಟ್ಟಿಲ ಮೇಲೆ ತುಳುಕಿಸುತ್ತ ಹೊತ್ತೊಯ್ಯುತ್ತಿರುತ್ತಾನೆ. ಅವಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ. ಆ ದಾರಿ ಬಿಡುವ ರೀತಿಯಲ್ಲೇ ಅವನಿಗೆ ಬೇಕಾದಷ್ಟು ಕೇಳಿಸುತ್ತದೆ.

ಎಣ್ಣೆಗೆ ಸೋಪು ನೀರು ಬೆರೆಸಿ ಕುಲುಕಿ ಸಿಂಪಡಿಸುವ ಡಬ್ಬಕ್ಕೆ ತುಂಬಿ, ಅರ್ಧ ಕುಂಡಗಳಿಗೆ ಹೊಡೆಯುವಷ್ಟರಲ್ಲೇ ಅದರ ಮೂತಿ ಕಟ್ಟಿಕೊಂಡಿತು. ಬಾಯಿಂದ ಊದಿದ. ಕಹಿ ಗಂಟಲಿಗಿಳಿಯಿತು. ಅಷ್ಟು ಹೊತ್ತಿಗೆ ಬಿಸಿಲು ಟ್ಯಾಂಕನ್ನು ದಾಟಿ ಬಂದಿತ್ತು. ಬಿಸಿಲೇರಿದ ಮೇಲೆ ಎಣ್ಣೆ ಹೊಡೆಯಬಾರದು, ಎಲೆ ಸುಡುತ್ತದೆ. ಬಾಟಲಿಯ ಮೇಲೆಯೇ ಬರೆದಿತ್ತು, ಅವನು ಓದಿಯೂ ಇದ್ದ. ಆದರೆ ಸಂಜೆಗೆ ಬಿಟ್ಟರೆ ಈ ನೊಣ ಇನ್ನಷ್ಟು ಮೊಟ್ಟೆಯಿಡುತ್ತದೆ, ಹೆಂಡತಿ ಬಂದು ಕೇಳಿದರೆ ಇನ್ನೂ ಇಲ್ಲ ಅನ್ನಬೇಕಾಗುತ್ತದೆ. ಇವತ್ತು ಒಂದೇ ಒಂದು ಪ್ರಶ್ನೆಗಾದರೂ ಆಯಿತು ಎಂದು ಹೇಳುವ ಆಸೆ ಅವನಿಗೆ. ಗುಂಡುಪಿನ್ನು ಹುಡುಕಿಕೊಂಡು ಕೆಳಗಿಳಿದ. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಕಪ್ಪು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ತಲೆ ಹಿಂದಕ್ಕೊರಗಿಸಿ, ಮುಖ ಸೂರಿನ ಕಡೆ ಮಾಡಿ ಕೂತಿದ್ದರು. ಫ್ಯಾನಿನ ಗಾಳಿ ಹಿತವಾಗಿರಬೇಕು ಎಂದುಕೊಂಡ. ಆಪರೇಷನ್ ಆಗಿ ವಾರವಾಗಿತ್ತು, ಎಡಗಣ್ಣಿನ ಪೊರೆ. ಅಲ್ಲಿಂದ ಇಲ್ಲಿಯವರೆಗೆ ಹೆಂಡತಿ ರಜಾ ಹಾಕಿ, ಹೊತ್ತು ಹೊತ್ತಿಗೆ ಹನಿ ಬಿಟ್ಟುಕೊಂಡು, ಹಾಲು ಕೊಟ್ಟುಕೊಂಡು, ಅಪ್ಪನ ಸುತ್ತಲೇ ಇದ್ದಳು. ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದ ಮನುಷ್ಯ. ಮೈದಾನದ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಮಕ್ಕಳು ನೆಟ್ಟಗಾಗುತ್ತಿದ್ದರಂತೆ. ಈಗ ಒಂದು ಲೋಟ ನೀರು ಬೇಕಾದರೂ ಮೂರು ಸಲ ಕೆಮ್ಮುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಕೈ ನಡುಗುವುದರಿಂದ ತಾವೇ ಎತ್ತಿ ಕುಡಿಯುವ ಹಾಗೂ ಇಲ್ಲ.

“ಅಳಿಯಂದ್ರೇ, ಔಷಧಿ...” ಎಂದರು ಮುಖ ತಿರುಗಿಸದೆ.

“ಅರ್ಧ ಆಯ್ತು ಮಾವ. ತೂತು ಕಟ್ಕೊಂಡುಬಿಟ್ಟಿದೆ, ಪಿನ್ನು ಹಾಕಿ ಚುಚ್ಚಬೇಕು.”

ಮಾವ ತಲೆ ನೆಟ್ಟಗೆ ಮಾಡಿದರು. “ಓಹೋ. ಹಾಗೋ. ಸರಿ ಸರಿ, ನಿಮ್ಮ ಕೆಲಸ ನೋಡಿ” ಎಂದು ಕನ್ನಡಕ ಹಾಕಿಕೊಂಡರು.

ಮಧ್ಯಾಹ್ನ ಫೋನು ಬಂತು. ಹಿಂದಿನಿಂದ ಜನರ ಗದ್ದಲ, ಯಾರೋ ಮೇಜು ಬಡಿಯುತ್ತಿದ್ದರು. “ಔಷಧಿ ಹಾಕಿದ್ರಾ?” ಎಂದಳು. “ಹಾಕಿದೆ. ಮೇಲೆ ಕೆಳಗೆ ಎಲ್ಲಾ ಕಡೆ ಚೆನ್ನಾಗಿ ಹಾಕಿದೀನಿ” ಎಂದ. “ಎಲ್ಲಾ ಕಡೆ ಅಂದ್ರೆ? ಆಯ್ತು ಇರಿ, ಇಲ್ಲಿ ಜಗಳ ಆಗ್ತಿದೆ” ಎಂದು ಇಟ್ಟಳು. ಅವನಿಗೆ ಬಹಳ ದಿನಗಳ ಮೇಲೆ ಹಗಲು ನಿದ್ದೆ ಬಂತು. ಬೆವರಿನಲ್ಲಿ ಒದ್ದೆಯಾದ, ಕೆಲಸ ಮಾಡಿದವನ ನಿದ್ದೆ. ಅವಳು ಬಂದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಅರೆ ಮಂಪರಿನಲ್ಲಿದ್ದ ಅಪ್ಪನಿಗೆ ಮಲಗುವ ಹೊತ್ತಿನ ಹನಿ ಬಿಟ್ಟು, ತಾನೂ ಹಾಗೇ ಬಿದ್ದುಕೊಂಡಳು.

ಮರುದಿನ ಬೆಳಗ್ಗೆ ಮೇಲೆ ಹೋದವನಿಗೆ ಮೊದಲು ಕಂಡದ್ದು ನೊಣವಿಲ್ಲದ್ದು. ಎಲೆ ಮುಟ್ಟಿದರೆ ಏನೂ ಹಾರಲಿಲ್ಲ. ಆ ಖುಷಿ ಒಂದು ನಿಮಿಷವೂ ನಿಲ್ಲಲಿಲ್ಲ. ಬೆಂಡೆಯ ಅಗಲ ಎಲೆಗಳ ಅಂಚು ಕಂದಾಗಿ, ನಡುವೆ ಚಹಾ ಚೆಲ್ಲಿದಂಥ ಕಲೆಗಳೆದ್ದು, ಹಿಡಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ಬದನೆಯ ತುದಿ ಬಾಗಿತ್ತು. ಹುಳ ಒಂದು ತಿಂಗಳಿಂದ ಮಾಡಲಾರದ್ದನ್ನು ಅವನು ಒಂದೇ ಬೆಳಗ್ಗೆ ಮಾಡಿ ಮುಗಿಸಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡು, ಸುಟ್ಟ ಎಲೆಗಳನ್ನು ಕತ್ತರಿಸುತ್ತ, ನೆರಳಿಗೆಂದು ಹಳೆಯ ಬೆಡ್‌ಶೀಟು ಕಟ್ಟುತ್ತ, ಅದು ಗಾಳಿಗೆ ಬಿಚ್ಚಿಕೊಂಡಾಗ ಮತ್ತೆ ಕಟ್ಟುತ್ತ ಹೊತ್ತು ಕಳೆದ. ಪ್ರೆಸ್ಸಿನ ಕೊನೆಯ ದಿನ ನೆನಪಾಯಿತು. ಮೇಜು ಖಾಲಿ ಮಾಡಿ ಹೊರಡುವಾಗ ಮ್ಯಾನೇಜರು, ಇಷ್ಟು ವರ್ಷದಲ್ಲಿ ನಿಮ್ಮ ಕೈಲಿ ಒಂದು ತಪ್ಪೂ ದಾಟಿಲ್ಲ ಎಂದಿದ್ದ, ಹೊಗಳುವವನಂತೆ. ದಾಟದಿದ್ದುದಕ್ಕೇ ಯಾರಿಗೂ ಅವನಿರುವುದು ಗೊತ್ತಾಗಲಿಲ್ಲವೇನೋ. ಕತ್ತರಿಸಿದ ಎಲೆ ಬುಟ್ಟಿಗೆ ತುಂಬುತ್ತಿದ್ದಾಗ ಫೋನು ಬಂತು.

“ಔಷಧಿ ಆಯ್ತಾ?”

“ಇವತ್ತು ಹಾಕಲ್ಲ. ನಿನ್ನೆ ಹಾಕಿದ್ದೇ ಜಾಸ್ತಿಯಾಗಿ ಸುಟ್ಟುಹೋಗಿದೆ.”

“ಸುಟ್ಟಿದೆಯಾ! ಏನ್ರೀ ಸುಟ್ಟಿದೆ? ಉರಿ ಅಂತಿದಾರಾ ಅಪ್ಪ? ಎಷ್ಟು ಹನಿ ಬಿಟ್ರಿ ನೀವು?”

ಅವನ ಕೈಯಲ್ಲಿ ಬೆಂಡೆಯ ಎಲೆ ಇತ್ತು. ಹನಿ ಎಂಬ ಪದ ಕಿವಿಗೆ ಬಿದ್ದು, ಒಳಗಿಳಿದು, ಫ್ರಿಜ್ಜಿನ ಬಾಗಿಲು ತೆರೆಯಿತು. ಅಲ್ಲಿ ಮೊಟ್ಟೆಯ ಪಕ್ಕದಲ್ಲಿ ಬಿಳಿ ಮುಚ್ಚಳದ ಪುಟ್ಟ ಬಾಟಲಿ. ಬೆಳಗ್ಗೆ ಹತ್ತಕ್ಕೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು, ರಾತ್ರೀದು ನಾನು ಬಿಡ್ತೀನಿ ಎಂದು ಮೊನ್ನೆ ಅವಳು ಹೇಳಿದ್ದು ಈಗ ಒಂದಕ್ಷರ ಬಿಡದೆ ನೆನಪಾಯಿತು.

“ಇಲ್ಲ ಇಲ್ಲ. ಗಿಡ. ಗಿಡ ಸುಟ್ಟಿದೆ ಅಂದೆ.”

“ಅಯ್ಯೋ, ನಿಮ್ಮ ಗಿಡ ಹಾಳಾಗಲಿ. ಎದೆ ಧಸಕ್ಕಂತು ನನಗೆ. ಅಪ್ಪನ ಕಣ್ಣಿಗೆ ಹಾಕಿದ್ರೋ ಇಲ್ವೋ?”

“ಹಾಕಿದೆ” ಎಂದ.

ನಿನ್ನೆಯದು ಸುಳ್ಳಾಗಿರಲಿಲ್ಲ, ಅದು ಬರೀ ತಪ್ಪು ತಿಳುವಳಿಕೆ. ಇದು ಸುಳ್ಳು. ಪದ ಅದೇ, ದನಿಯೂ ಅದೇ. ಪ್ರೂಫಿನಲ್ಲಾದರೆ ಎರಡರ ನಡುವೆ ಯಾವ ವ್ಯತ್ಯಾಸವನ್ನೂ ಅವನು ಗುರುತು ಮಾಡುತ್ತಿರಲಿಲ್ಲ. ಎಲೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದ. ನಿನ್ನೆ ಮಾವ ಕೂತಿದ್ದ ಭಂಗಿ ಈಗ ಅರ್ಥವಾಯಿತು. ಫ್ಯಾನಿನ ಗಾಳಿಗಲ್ಲ ಅವರು ಮುಖ ಒಡ್ಡಿದ್ದು. ಹತ್ತು ಗಂಟೆಯಾಯಿತೆಂದು ತಾವೇ ಕನ್ನಡಕ ತೆಗೆದು, ತಲೆ ಹಿಂದಕ್ಕೆ ಹಾಕಿ, ಕಣ್ಣು ಬಿಟ್ಟುಕೊಂಡು, ಅಳಿಯ ಬಂದು ಹನಿ ಬಿಡಲೆಂದು ಕಾದಿದ್ದರು. ಔಷಧಿ ಎಂದು ಬಾಯಿಬಿಟ್ಟೂ ಕೇಳಿದ್ದರು, ಆ ಬಾಯಿಬಿಟ್ಟು ಕೇಳದ ಮನುಷ್ಯ. ಇವನು ಅರ್ಧ ಆಯ್ತು, ಪಿನ್ನು ಚುಚ್ಚಬೇಕು ಎಂದು ಪಿನ್ನು ಹಿಡಿದುಕೊಂಡು ಹೋಗಿದ್ದ. ಅದನ್ನವರು ಏನೆಂದು ತಿಳಿದಿರಬಹುದು? ಗೇಲಿ ಎಂದೇ? ಕೆಲಸವಿಲ್ಲದ ಅಳಿಯನಿಗೆ ಹೆಂಡತಿಯ ಅಪ್ಪನ ಚಾಕರಿ ಬೇಡವಾಗಿದೆ, ಮುಖಕ್ಕೆ ಹೇಳಲಾರದೆ ಹೀಗೆ ಮಾತು ತೇಲಿಸುತ್ತಿದ್ದಾನೆ ಎಂದೇ? ನಗು ಬರಬೇಕಾಗಿತ್ತು. ಬರಲಿಲ್ಲ.

ಮಾವ ಇವತ್ತು ಕನ್ನಡಕ ತೆಗೆದಿರಲಿಲ್ಲ. ಮುಖ ನೆಟ್ಟಗೆ ಗೋಡೆಯ ಕಡೆಗಿತ್ತು. ಕಾಯುವುದನ್ನು ಬಿಟ್ಟುಬಿಟ್ಟಿದ್ದರು. ಅವನು ಎರಡು ಸಲ ಸೋಪು ಹಾಕಿ ಕೈ ತೊಳೆದ. ಬೇವಿನೆಣ್ಣೆಯ ನಾತ ಹೋಗಲಿಲ್ಲ, ಮೂರನೆಯ ಸಲ ತೊಳೆದ. ಬಾಟಲಿ ಹಿಡಿದು ಎದುರು ನಿಂತು “ಮಾವ, ಔಷಧಿ” ಎಂದಾಗ ಅವರು ಏನೂ ಕೇಳದೆ ತಲೆ ಹಿಂದಕ್ಕೊರಗಿಸಿದರು. ಕಣ್ಣಿನ ಬಿಳಿ ಕೆಂಪಗಾಗಿತ್ತು, ಅಂಚಿನಲ್ಲಿ ನೀರು.

“ಮಾವ, ನಿನ್ನೆಯಿಂದ ನಾನು...”

“ಮೇಲೆ ಬಿಸಿಲು ಜಾಸ್ತಿ ಇರಬೇಕು” ಎಂದರು ಮಾವ. “ಒಂದು ಟೋಪಿ ಹಾಕ್ಕೊಳ್ಳಿ. ನಿಮ್ಮ ಆರೋಗ್ಯ ಮುಖ್ಯ.”

ಹನಿ ಬಿತ್ತು. ರೆಪ್ಪೆ ಮುಚ್ಚಿಕೊಂಡಿತು. ಮುಗಿಸಿಬಿಡಬಹುದಾಗಿದ್ದ ಮಾತನ್ನು ಮುದುಕರು ಟೋಪಿ ಹೊದಿಸಿ ಮುಚ್ಚಿಬಿಟ್ಟರು. ಸಂಜೆಯದನ್ನೂ ಅವನು ಸರಿಯಾದ ಹೊತ್ತಿಗೆ ಬಿಟ್ಟ. ಮೇಲಿನ ಗಿಡಗಳಿಗೆ ನೀರು ಹಾಕಲು ಹೋಗಲಿಲ್ಲ.

ಹೆಂಡತಿ ಬಂದವಳೇ ಕೈಚೀಲವನ್ನೂ ಇಳಿಸದೆ ಫೋನಿನ ಬೆಳಕು ಹಿಡಿದು ಅಪ್ಪನ ಕಣ್ಣು ನೋಡಿದಳು. ಅವನು ಅಡುಗೆಮನೆಯ ಬಾಗಿಲಲ್ಲಿ, ಉಳಿದಿದ್ದ ನಾಲ್ಕು ಬೆಂಡೆಕಾಯಿ ಹೆಚ್ಚುತ್ತ ನಿಂತಿದ್ದ. ಅವೂ ಬಲಿತು ನಾರಾಗಿದ್ದವು.

“ಕೆಂಪಾಗಿದೆಯಲ್ಲಪ್ಪ. ಮೊನ್ನೆ ಇಷ್ಟಿರಲಿಲ್ಲ.”

“ಸೆಖೆ ಕಣಮ್ಮ.”

“ಇವರು ಹೊತ್ತು ಹೊತ್ತಿಗೆ ಔಷಧಿ ಹಾಕಿದ್ರಾ?”

ಚಾಕು ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೇ.

“ಹಾಕಿದ್ರಮ್ಮ” ಎಂದರು ಮಾವ. “ಟೈಮ್ ಅಂದ್ರೆ ಟೈಮ್. ಮಿಲಿಟರಿಯವರ ಹಾಗೆ.”

ಅವನಿಗೆ ಉಸಿರು ಬಂತು. ಬಂದ ಉಸಿರಿನ ಬೆನ್ನಿಗೇ ಸಿಟ್ಟು ಬಂತು, ಮುದುಕರ ಮೇಲೆ. ಯಾರು ಕೇಳಿದ್ದರು ಇವರನ್ನು? ಬೈಸಿಕೊಂಡಿದ್ದರೆ ಒಂದು ಗಂಟೆಯ ಕಥೆ. ಬೈಗುಳಕ್ಕೂ ಒಂದು ಮರ್ಯಾದೆಯಿದೆ, ಬೈಯುವವರು ಎದುರಿನವನನ್ನು ಕೆಲಸಕ್ಕೆ ಬರುವವನೆಂದು ಲೆಕ್ಕಕ್ಕಿಟ್ಟಿರುತ್ತಾರೆ. ಇದು ಹಾಗಲ್ಲ. ತಿಂಗಳುಗಟ್ಟಲೆ ಮನೆಯಲ್ಲಿ ಕೂತಿರುವ ಅಳಿಯ ಇನ್ನೊಂದು ಮಾತು ತಡೆಯಲಾರನೆಂದು, ತನ್ನ ಕಣ್ಣನ್ನೇ ಅಡ್ಡ ಇಟ್ಟು ಕಾಪಾಡುವುದು. ಅಷ್ಟು ಬಡವಾಗಿ ಕಾಣುತ್ತಿದ್ದೇನೆಯೇ, ಒಂದೇ ಕಣ್ಣಿನಲ್ಲಿ, ಅದೂ ಮಸುಕಾಗಿ ನೋಡುವವರಿಗೂ? ಅಷ್ಟರಲ್ಲಿ ಹೆಂಡತಿ ಪಕ್ಕಕ್ಕೆ ಬಂದು ನಿಂತು, ಅವನ ತೋಳಿನ ಮೇಲೆ ಕೈಯಿಟ್ಟಳು. ದಿನವಿಡೀ ರಸೀದಿ ಹರಿದ ಕೈ, ಬೆರಳ ತುದಿ ಒರಟು.

“ನಾನು ಆಫೀಸಲ್ಲಿ ಕೂತು ಏನೇನೋ ಅಂದ್ಕೊಂಡೆ. ಮರ್ತಿರ್ತೀರ, ಮೇಲೆ ಹುಳ ಹುಡುಕ್ತಾ ಇರ್ತೀರ ಅಂತ. ತಪ್ಪು ನಂದೇ” ಎಂದಳು. “ನೀವಿದೀರ ಅಂತ ಆಯ್ತು ನೋಡಿ.”

ಇಂಥದೊಂದು ಮಾತಿಗಾಗಿ ಅವನು ಎಷ್ಟು ಕುಂಡ ಹೊತ್ತಿದ್ದ, ಎಷ್ಟು ಬಕೆಟು ನೀರು. ಬಾಯಿ ತೆರೆದರೆ ಅದು ಹೋಗಿಬಿಡುತ್ತದೆ. “ಹ್ಞೂಂ” ಎಂದ. ನಾರು ಬೆಂಡೆಕಾಯಿಯನ್ನು ಮೂವರೂ ಅಗಿದು ಅಗಿದು, ಮನೆಯದಲ್ಲವೇ ಎಂದು ನುಂಗಿದರು.

ಬೆಳಗ್ಗೆ ಆಸ್ಪತ್ರೆಯಲ್ಲಿ ಮೊದಲೇ ಗೊತ್ತು ಮಾಡಿದ್ದ ತಪಾಸಣೆ. ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಚುಟುಕು. ಯಂತ್ರದ ಮುಂದೆ ಮಾವನ ಗದ್ದ ಒರಗಿಸಿ, ಬೆಳಕಿನ ಗೆರೆಯೊಂದನ್ನು ಕಣ್ಣಿನ ಮೇಲೆ ಹರಿಸಿ, ತುಂಬ ಹೊತ್ತು ನೋಡಿದರು. ಕೋಣೆಯಲ್ಲಿ ತಣ್ಣನೆ ಗಾಳಿ ಬರುತ್ತಿತ್ತು. ಹೊರಗಿನ ಬಿಸಿಲಿನಿಂದ ಬಂದವನಿಗೆ ಬೆನ್ನಿನ ಬೆವರು ಆರಿ ಚಳಿಯಾಯಿತು.

“ಒಳಗೆ ಉರಿಯೂತ ಇದೆ. ಈ ಹೊತ್ತಿಗೆ ಇರಬಾರದು” ಎಂದರು ಡಾಕ್ಟರು. “ಔಷಧಿ ಸರಿಯಾಗಿ ಹಾಕ್ತಿದೀರಾ?”

“ಹಾಕ್ತಿದೀವಿ ಡಾಕ್ಟ್ರೆ” ಎಂದಳು ಹೆಂಡತಿ. “ನನ್ನ ಯಜಮಾನ್ರು ಮನೇಲೇ ಇರ್ತಾರೆ, ಅವರೇ ಹಾಕ್ತಾರೆ.”

“ಒಂದು ಸಲಾನೂ ತಪ್ಪಿಲ್ಲವಾ?”

“ತಪ್ಪಿಲ್ಲ” ಎಂದರು ಮಾವ, ಯಂತ್ರದಿಂದ ಗದ್ದ ತೆಗೆಯದೆಯೇ.

“ಹಾಗಾದ್ರೆ ಇವರಿಗೆ ಹನಿ ಹಿಡೀತಿಲ್ಲ. ಬಿಡೋ ಹಾಗಿಲ್ಲ, ದೃಷ್ಟಿಗೆ ತೊಂದರೆ ಆಗುತ್ತೆ. ಕಣ್ಣಿನ ಪಕ್ಕಕ್ಕೆ ಒಂದು ಇಂಜೆಕ್ಷನ್ ಕೊಡ್ತೀನಿ, ಇವತ್ತೇ. ಸ್ವಲ್ಪ ನೋವಾಗುತ್ತೆ ಅಜ್ಜ, ತಡ್ಕೋಬೇಕು.”

ಹೆಂಡತಿ ಅಪ್ಪನ ಬೆನ್ನ ಮೇಲೆ ಕೈಯಿಟ್ಟಳು. ನರ್ಸು ಟ್ರೇ ತರಲು ಎದ್ದಳು. ಅವನು ಮಾವನ ಕೈಗಳನ್ನು ನೋಡಿದ. ಅವು ಕುರ್ಚಿಯ ಎರಡೂ ತೋಳುಗಳನ್ನು ಹಿಡಿದುಕೊಂಡಿದ್ದವು, ಗೆಣ್ಣುಗಳು ಬೆಳ್ಳಗಾಗುವಷ್ಟು. ನಡುಕವೂ ನಿಂತುಹೋಗಿತ್ತು. ಮಾವ “ಆಗಲಿ, ಕೊಡಿ” ಎಂದರು. ಈ ಮನುಷ್ಯ ಚುಚ್ಚಿಸಿಕೊಳ್ಳುತ್ತಾರೆ, ಅವನಿಗೆ ಅನುಮಾನವೇ ಉಳಿಯಲಿಲ್ಲ. ಅಳಿಯ ಹೇಳಿದ ಒಂದು ಪದ ಸುಳ್ಳಾಗದಿರಲೆಂದು ಕಣ್ಣಿನ ಪಕ್ಕಕ್ಕೆ ಚುಚ್ಚಿಸಿಕೊಂಡು, ಮನೆಗೆ ಬಂದು, ಸೆಖೆ ಜಾಸ್ತಿ ಎನ್ನುತ್ತಾರೆ. ಅವಳು ಹೀಗೇ ತೋಳಿನ ಮೇಲೆ ಕೈಯಿಡುತ್ತಿರುತ್ತಾಳೆ. ಅವನು ಹ್ಞೂಂ ಎನ್ನುತ್ತಿರಬೇಕು. ಇನ್ನು ಎಷ್ಟು ವರ್ಷವೋ.

“ಹಾಕಿಲ್ಲ” ಎಂದ.

ಡಾಕ್ಟರು ತಿರುಗಿದರು. “ಏನು?”

“ಔಷಧಿ. ನಾನು ಹಾಕಿಲ್ಲ. ಮೊನ್ನೆ ಹಗಲು ಪೂರ್ತಿ ಹಾಕಿಲ್ಲ, ನಿನ್ನೆ ಬೆಳಗ್ಗೇನೂ ಇಲ್ಲ. ಇವಳು ಹಾಕಿದ್ರಾ ಅಂದ್ಲು, ನಾನು ಹಾಕಿದೆ ಅಂದೆ. ಗಿಡಕ್ಕೆ ಹಾಕಿದ್ದೆ. ಹುಳಕ್ಕೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಹಾಕಿದೆ ಅಂತಲೇ ಅಂದೆ.”

“ಗಿಡಕ್ಕಾ?” ಎಂದಳು ಹೆಂಡತಿ. ಅವಳ ಮುಖದಲ್ಲಿ ಸಿಟ್ಟು ಬರಲಿ ಎಂದು ಅವನು ಕಾದ. ಅಲ್ಲಿದ್ದದ್ದು ಬರೀ ದಣಿವು, ಮನೆಗೆ ಹೋದ ಮೇಲೂ ಅದೇ ದೂರಿನ ಕಿಟಕಿಯಲ್ಲಿ ಕೂರಬೇಕು ಎಂದು ಗೊತ್ತಾದವರ ದಣಿವು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಬೇರೆ ಕಡೆ ನೋಡಿದರು.

ಡಾಕ್ಟರು ನರ್ಸಿಗೆ ಟ್ರೇ ಬೇಡವೆಂದು ಕೈಯಾಡಿಸಿ, ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ತಟ್ಟಿದರು. “ಒಳ್ಳೇ ಜನ ನೀವು. ಚುಚ್ಚಿಬಿಡ್ತಿದ್ದೆ ನಾನು” ಎಂದರು. “ಇಂಜೆಕ್ಷನ್ ಸದ್ಯಕ್ಕೆ ಬೇಡ. ಗಂಟೆಗೊಂದು ಹನಿ ಬಿಡಿ, ನಾಳೆ ಬನ್ನಿ, ನೋಡೋಣ. ಯಾರು ಬಿಡೋದು?” ಹೆಂಡತಿ ಕೈಚೀಲದಿಂದ ಬಾಟಲಿ ತೆಗೆದಳು. ಒಂದು ಕ್ಷಣ ಅದನ್ನು ಕೈಯಲ್ಲೇ ಹಿಡಿದಿದ್ದಳು. ಆಮೇಲೆ ಅವನ ಮುಖ ನೋಡದೆ ಅವನ ಕಡೆ ಚಾಚಿದಳು.

“ಈಗಲೇ ಬಿಡಿ, ನನ್ನೆದುರಿಗೆ” ಎಂದರು ಡಾಕ್ಟರು.

ಮಾವ ತಲೆ ಹಿಂದಕ್ಕೊರಗಿಸಿದರು. ಅವನು ಕೆಳರೆಪ್ಪೆ ಎಳೆದು ಬಾಟಲಿ ಬಗ್ಗಿಸಿದ. ಮೂವರು ನೋಡುತ್ತಿದ್ದರು, ಅವಸರದಲ್ಲಿ ಒತ್ತಿಬಿಟ್ಟ. ಹನಿ ಕಣ್ಣಿನ ಆಚೆ ಬಿದ್ದು ಕೆನ್ನೆಯ ಸುಕ್ಕಿನಗುಂಟ ಇಳಿಯಿತು. ಮಾವ ಬೇಗ ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಕೆನ್ನೆ ಒರೆಸಿಕೊಂಡು, “ಬಿತ್ತು, ಬಿತ್ತು. ಸರಿಯಾಗಿ ಬಿತ್ತು” ಎಂದರು.

“ಇಲ್ಲ ಮಾವ, ಬೀಳಲಿಲ್ಲ” ಎಂದ ಅವನು. “ಕಣ್ಣು ಬಿಡಿ.”